ಉಷ್ಣದ ಮುಖಕ್ಕೆ ತಂಪಿನ ಹಾಲು

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕನ್ನಡಿ. ಅಪ್ಪ ಗಡ್ಡ ಹೆರೆದುಕೊಳ್ಳಲೆಂದು ತಂದದ್ದು, ಅಂಗೈಯಗಲದ್ದು. ನಡುಮನೆಯ ಕಿಟಕಿಯ ಸರಳಿಗೆ ತಂತಿಯಲ್ಲಿ ಕಟ್ಟಿತ್ತು. ಅದರಲ್ಲಿ ಇಡೀ ಮುಖ ಒಮ್ಮೆಗೇ ಕಾಣುತ್ತಿರಲಿಲ್ಲ. ಹಣೆ ನೋಡಬೇಕಾದರೆ ಬಗ್ಗಬೇಕು, ಗದ್ದ ನೋಡಬೇಕಾದರೆ ತುದಿಗಾಲಲ್ಲಿ ನಿಲ್ಲಬೇಕು. ಹೈಸ್ಕೂಲಿನ ಕೊನೆಯ ವರ್ಷದವರೆಗೆ ಇದರಿಂದ ನನಗೇನೂ ತೊಂದರೆಯಾಗಿರಲಿಲ್ಲ. ಕುಂಕುಮ ನೆಟ್ಟಗಿದೆಯೇ ಎಂದು ನೋಡಿಕೊಂಡು ಓಡುತ್ತಿದ್ದೆ. ಆ ವರ್ಷ ಮಾತ್ರ ಬೆಳಿಗ್ಗೆ ಎದ್ದವಳೇ ಕನ್ನಡಿಯ ಮುಂದೆ ಬಗ್ಗಿ, ಎದ್ದು, ಕತ್ತು ಓರೆ ಮಾಡಿ ಮುಖವನ್ನು ತುಂಡುತುಂಡಾಗಿ ಪರೀಕ್ಷಿಸುವುದೇ ಕೆಲಸವಾಯಿತು. ಒಂದು ಕಡೆ ಮೊಡವೆ ಆರಿದರೆ ಇನ್ನೊಂದು ಕಡೆ ಎದ್ದಿರುತ್ತಿತ್ತು. ಕೆಲವು ಕೆಂಪಗೆ, ಕೆಲವು ತುದಿಯಲ್ಲಿ ಬಿಳಿ ಹನಿ ಹೊತ್ತು, ಇನ್ನು ಕೆಲವು ಚರ್ಮದ ಕೆಳಗೇ ಗಂಟಾಗಿ ಕೂತು, ಮುಟ್ಟಿದರೆ ಜೀವ ಹೋಗುವಷ್ಟು ನೋಯುತ್ತಿದ್ದವು. ನನ್ನ ಹಿಂದೆ ಅಪ್ಪ ಕೆನ್ನೆಗೆ ಸೋಪಿನ ನೊರೆ ಬಳಿದುಕೊಂಡು ಕಾಯುತ್ತಾ ನಿಂತಿರುತ್ತಿದ್ದರು.

"ಶಿಫ್ಟಿಗೆ ಲೇಟಾಗತ್ತೆ ಪುಟ್ಟಿ, ಸ್ವಲ್ಪ ನನ್ನ ಮುಖಕ್ಕೂ ಜಾಗ ಕೊಡಮ್ಮ."

ನಮ್ಮದು ಚಿಕ್ಕಬಾಣಾವರದಲ್ಲಿ ಸ್ಟೇಷನ್ನಿಗೆ ಹತ್ತಿರದ ಹೆಂಚಿನ ಮನೆ. ಮನೆಯ ಒಡತಿ ಮುನಿಯಮ್ಮ ಪಕ್ಕದಲ್ಲೇ ಇದ್ದರು. ಹಿಂದೆ ಅವರ ರಾಗಿ ಹೊಲ, ಕಡಲೆಕಾಯಿ ಹೊಲ. ಅಪ್ಪ ಪೀಣ್ಯದ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಪ್ಲೇಟಿಂಗ್ ವಿಭಾಗದಲ್ಲಿದ್ದರು. ಲೋಹದ ಸಣ್ಣ ಸಣ್ಣ ಭಾಗಗಳನ್ನು ತೊಟ್ಟಿಗಳಲ್ಲಿ ಅದ್ದಿ ಅವಕ್ಕೆ ಹೊಳಪು ಕೂರಿಸುವ ಕೆಲಸ. ಊರಿನ ಬಿಡಿಭಾಗಗಳಿಗೆಲ್ಲ ಹೊಳಪು ಕೊಡುವ ಅಪ್ಪನಿಗೆ ಮಗಳ ಮುಖಕ್ಕೆ ಒಂದಿಷ್ಟು ಹೊಳಪು ಕೊಡಲಾಗಲಿಲ್ಲವಲ್ಲ ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಶಾಲೆಯಲ್ಲಿ ನನ್ನನ್ನು ಹಲಸಿನಹಣ್ಣು ಎಂದು ಕರೆಯುವುದು ಆಗಲೇ ಶುರುವಾಗಿತ್ತು.

ಮನೆಯ ವೈದ್ಯಕೀಯ ಇಲಾಖೆ ಪೂರ್ತಿಯಾಗಿ ಅಜ್ಜಿಯ ಕೈಯಲ್ಲಿತ್ತು. ಅಜ್ಜಿ ಅಂದರೆ ಅಪ್ಪನ ತಾಯಿ. ಅವಳ ಲೆಕ್ಕದಲ್ಲಿ ಪ್ರಪಂಚದ ಪದಾರ್ಥಗಳೆಲ್ಲ ಎರಡೇ ಜಾತಿ, ಉಷ್ಣ ಮತ್ತು ತಂಪು. ಮೊಡವೆ ಎಂದರೆ ಮೈಯೊಳಗಿನ ಉಷ್ಣ ದಾರಿ ಹುಡುಕಿಕೊಂಡು ಮುಖಕ್ಕೆ ಬಂದದ್ದು. ಆದ್ದರಿಂದ ಉಷ್ಣದ್ದೆಲ್ಲ ಬಂದ್. ಮಾವಿನಹಣ್ಣು, ಪಪ್ಪಾಯ, ಎಳ್ಳು, ಹುರುಳಿಕಾಳು, ಬೆಲ್ಲ ಎಲ್ಲ ಒಂದೊಂದಾಗಿ ನನ್ನ ತಟ್ಟೆಯಿಂದ ಮಾಯವಾದವು. ಮುನಿಯಮ್ಮನವರ ಹೊಲದಲ್ಲಿ ಕಡಲೆಕಾಯಿ ಕೀಳುವ ಕಾಲಕ್ಕೆ ಮನೆಮಂದಿಯೆಲ್ಲ ಜಗಲಿಯಲ್ಲಿ ಕೂತು ಬೇಯಿಸಿದ ಹಸಿಕಾಯಿ ಸುಲಿದು ತಿನ್ನುತ್ತಿದ್ದರೆ ನಾನು ಸಿಪ್ಪೆ ಎಣಿಸುತ್ತಾ ಕೂರಬೇಕಿತ್ತು. ಬೆಲ್ಲ ಉಷ್ಣ, ಸಕ್ಕರೆ ತಂಪು ಎಂಬ ನ್ಯಾಯ ಯಾವ ಶಾಸ್ತ್ರದಲ್ಲಿದೆಯೋ ತಿಳಿಯದು, ಹೋಳಿಗೆ ಮಾಡಿದ ದಿನ ನನಗೆ ಹೋಳಿಗೆಯಿಲ್ಲ, ಬದಲಿಗೆ ಕಲ್ಲುಸಕ್ಕರೆ. ದಿನಾ ಬೆಳಿಗ್ಗೆ ನೆತ್ತಿಗೆ ಎಣ್ಣೆ, ಶನಿವಾರ ಹರಳೆಣ್ಣೆಯ ಸ್ನಾನ. ತಲೆ ತಂಪಾಗಲಿ ಎಂದು ಅಜ್ಜಿ ಎಷ್ಟು ಧಾರಾಳವಾಗಿ ಒತ್ತುತ್ತಿದ್ದಳೆಂದರೆ ಎಣ್ಣೆ ಹಣೆಗಿಳಿದು, ಹುಬ್ಬು ದಾಟಿ, ನಾನು ಶಾಲೆ ಸೇರುವ ಹೊತ್ತಿಗೆ ಮುಖವೆಲ್ಲ ಮಿರಮಿರ ಮಿಂಚುತ್ತಿತ್ತು. ರಾತ್ರಿ ಜಾಯಿಕಾಯಿ ತೇಯ್ದು ಒಂದೊಂದು ಮೊಡವೆಗೂ ಬೊಟ್ಟಿಡುವುದು ಬೇರೆ. ಇಷ್ಟಾದರೂ ಮೊಡವೆಗಳು ಒಂದಿಷ್ಟೂ ಬೇಸರ ಮಾಡಿಕೊಳ್ಳದೆ ಬರುತ್ತಲೇ ಇದ್ದವು. ನಾನು ಸಿಟ್ಟಿಗೆ ಚಿವುಟುತ್ತಿದ್ದೆ. ಅಜ್ಜಿ ಕೈಮೇಲೊಂದು ಕೊಟ್ಟು, ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಿದ್ದಳು.

ಒಂದು ವಿಷಯದಲ್ಲಿ ಮಾತ್ರ ಅಜ್ಜಿಯನ್ನು ಮೆಚ್ಚಬೇಕು. ಗದ್ದದ ಮೇಲೆ ದಪ್ಪದೊಂದು ಮೊಡವೆ ಎದ್ದಿತೆಂದರೆ ನನ್ನ ತಿಂಗಳಿನ ದಿನಗಳು ಹತ್ತಿರ ಬಂದವೆಂದು ಅವಳು ಕಂಡುಕೊಂಡಿದ್ದಳು. ಆ ಮೂರು ದಿನ ನಾನು ಹೊರಗೆ, ಅಂದರೆ ನಡುಮನೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂರಬೇಕು. ಅಡುಗೆಮನೆ, ದೇವರ ಗೂಡು ಯಾವುದನ್ನೂ ಮುಟ್ಟುವಂತಿಲ್ಲ. ಅದಕ್ಕೆ ಅಜ್ಜಿ ಹಬ್ಬದ ಕೆಲಸ, ಹಪ್ಪಳ ಸಂಡಿಗೆಯ ಕೆಲಸಗಳನ್ನೆಲ್ಲ ನನ್ನ ಗದ್ದ ನೋಡಿಕೊಂಡೇ ಗೊತ್ತುಮಾಡುತ್ತಿದ್ದಳು. ಉಪ್ಪಿನಕಾಯಿಗೆ ಮಾವು ಹೆಚ್ಚುವ ಮುಂಚೆ ನನ್ನನ್ನು ಬೆಳಕಿಗೆ ಕರೆದು ಮುಖ ಎತ್ತಿ ಹಿಡಿಯುವುದು, ಆಮೇಲೆ ಅಮ್ಮನಿಗೆ ಕೂಗಿ ಹೇಳುವುದು.

"ಎದ್ದಿದೆ ಕಣೇ ಗದ್ದದ ಮೇಲೆ! ಇವತ್ತೇ ಹೆಚ್ಚಿಸ್ಬಿಡು ಇವಳ ಕೈಲಿ. ನಾಳಿದ್ದು ಇವಳು ಸಿಗಲ್ಲ."

ಮುನಿಯಮ್ಮನದು ಇನ್ನೂ ನೇರ ವೈದ್ಯ. ಹಾಲು ಕರೆದು ಬರುವಾಗ ದಿನವೂ ನನ್ನನ್ನು ನಿಲ್ಲಿಸಿ ಮುಖ ನೋಡುವರು.

"ಏನವ್ವಾ, ಇಂಗೆ ಎದ್ದವೆ? ನಂಗೂ ಇದ್ವು ಕಣವ್ವಾ. ಲಗ್ನ ಆಗಿ ಮೂರು ಮಕ್ಳಾದ್ಮೇಲೆ ತಂತಾನೇ ಓದ್ವು. ನೀನ್ಯಾಕೆ ಎದರ್ತೀಯ?"

ನನ್ನ ಹೆದರಿಕೆಗೆ ಬೇರೆ ಕಾರಣವಿತ್ತು, ಮೂರು ಮಕ್ಕಳಾಗುವವರೆಗೆ ಕಾಯುವಂಥದ್ದಲ್ಲ. ಅಪ್ಪನ ಕಾರ್ಖಾನೆಯ ಕನ್ನಡ ಸಂಘದವರು ಪ್ರತಿ ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ನಾಟಕ ಆಡುತ್ತಿದ್ದರು. ಫೋರ್‌ಮನ್ ಶ್ರೀಕಂಠಯ್ಯನವರೇ ಬರೆದು ಅವರೇ ಆಡಿಸುವ ನಾಟಕ. ಹೆಣ್ಣುಪಾತ್ರಕ್ಕೆ ಜನ ಸಿಗುವುದು ಕಷ್ಟವೆಂದು ಕೆಲಸಗಾರರ ಹೆಣ್ಣುಮಕ್ಕಳನ್ನೇ ಕೇಳುತ್ತಿದ್ದರು. ಆ ವರ್ಷ ಒಬ್ಬ ಜಿಪುಣನ ವಾಚಾಳಿ ಮಗಳ ಪಾತ್ರ ನನಗೆ ಬಂದಿತ್ತು. ನೋಡಲು ಬಂದ ಗಂಡುಗಳನ್ನೆಲ್ಲ ಮಾತಿನಲ್ಲೇ ಓಡಿಸುವ ಹುಡುಗಿ. ಆ ಮಾತುಗಳು ನನಗೆ ಎಷ್ಟು ಹಿಡಿಸಿದ್ದವೆಂದರೆ ಬಚ್ಚಲಿನಲ್ಲಿ ಹಂಡೆಗೆ ಉರಿ ಹಾಕುತ್ತಾ ಹಂಡೆಯನ್ನೇ ಗಂಡೆಂದುಕೊಂಡು ಬೈಯುತ್ತಿದ್ದೆ. ಅದುವರೆಗೆ ನಾನು ಬಾಯಿಬಿಟ್ಟರೆ ಮನೆಯಲ್ಲಿ ಯಾರಾದರೊಬ್ಬರು ಸುಮ್ಮನಿರು ಎನ್ನುತ್ತಿದ್ದರು. ಬಾಯಿಮಾಡುವುದಕ್ಕೇ ಜನ ಚಪ್ಪಾಳೆ ತಟ್ಟುವ ಜಾಗವೊಂದಿದೆ ಎಂದು ಗೊತ್ತಾದ ಮೇಲೆ ಅದನ್ನು ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ. ಆದರೆ ಗೌರಿಹಬ್ಬ ಕಳೆದು ತಾಲೀಮು ಶುರುವಾದ ದಿನವೇ ಶ್ರೀಕಂಠಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು.

"ಮಾತು ಚೆನ್ನಾಗಿ ಹೇಳ್ತೀಯಮ್ಮ, ಅದರಲ್ಲಿ ಎರಡು ಮಾತಿಲ್ಲ. ಮುಖ ಒಂಚೂರು ನೋಡ್ಕೋ. ಫೋಕಸ್ ಲೈಟು ಬಿದ್ರೆ ಎಲ್ಲ ಎದ್ದು ಕಾಣತ್ತೆ. ಹುಣಸೇಹುಳಿ ಹಾಕಿ ಚೊಂಬು ಬೆಳಗಿದಂಗೆ ಬೆಳಗ್ಕೊಂಡು ಬಾ ಅಂತಲ್ಲ, ಆದರೂ... ಇಲ್ದಿದ್ರೆ ಸ್ಟೋರ್ಸ್ ರಾಮಣ್ಣನ ಮಗಳನ್ನ ಕೇಳ್ಬೇಕಾಗತ್ತೆ."

ಮನೆಗೆ ಬಂದು ಅತ್ತುಬಿಟ್ಟೆ. ಅಳು ನಿಂತದ್ದು ಅಪ್ಪನ ಒಂದು ಉಪಾಯದಿಂದ. ಪ್ಲೇಟಿಂಗ್ ವಿಭಾಗದವರಿಗೆ ಕಾರ್ಖಾನೆಯಲ್ಲಿ ಮಧ್ಯಾಹ್ನ ಹಾಲು ಕೊಡುತ್ತಿದ್ದರು. ತೊಟ್ಟಿಗಳಿಂದ ಏಳುವ ಆವಿ ಎದೆಗೆ ಹೋಗುತ್ತದೆ, ಹಾಲು ಕುಡಿದರೆ ಅದರ ನಂಜು ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ. ಮಾರನೆಯ ದಿನದಿಂದ ಅಪ್ಪ ಆ ಹಾಲನ್ನು ಅಲ್ಲಿ ಕುಡಿಯದೆ, ಊಟದ ಕ್ಯಾರಿಯರ್‌ನ ಮೇಲಿನ ಡಬ್ಬಿಯನ್ನು ಚೆನ್ನಾಗಿ ತೊಳೆದು ಅದಕ್ಕೆ ತುಂಬಿಸಿಕೊಂಡು ಮನೆಗೆ ತರತೊಡಗಿದರು. ಹಾಲು ತಂಪು, ಅದಕ್ಕೆ ಎರಡು ಚಮಚ ಸಕ್ಕರೆ ಹಾಕಿದರೆ ಇನ್ನೂ ತಂಪು ಎಂದು ಅಜ್ಜಿ ತೀರ್ಪು ಕೊಟ್ಟಳು. ಸಂಜೆ ಸೈಕಲ್ ಗಂಟೆ ಕೇಳಿದರೆ ನಾನು ಲೋಟ ಹಿಡಿದು ನಿಲ್ಲಬೇಕು. ಅಪ್ಪ ಮೊದಲು ನಿಂಬೆಹಣ್ಣಿನ ಹೋಳಿನಿಂದ ಕೈ ಉಜ್ಜಿ ಲೋಹದ ವಾಸನೆ ತೆಗೆಯುತ್ತಿದ್ದರು. ಆಮೇಲೆ ಅಮ್ಮ ಬಿಸಿಮಾಡಿಕೊಟ್ಟ ಹಾಲನ್ನು ಲೋಟದಿಂದ ಲೋಟಕ್ಕೆ ಎತ್ತಿ ಎತ್ತಿ ಹೊಯ್ದು ನೊರೆ ಬರಿಸಿ ನನ್ನ ಕೈಗಿಡುತ್ತಿದ್ದರು. ಹೊಸಿಲ ಮೇಲೆ ಕೂತು ನಾನು ಕೊನೆಯ ಗುಟುಕು ನುಂಗುವವರೆಗೆ ನೋಡುತ್ತಿದ್ದರು.

"ಇಳೀತು ನೋಡು ಉಷ್ಣ. ಇನ್ನೊಂದು ತಿಂಗಳಲ್ಲಿ ಮುಖ ಕನ್ನಡಿ ಆಗ್ದಿದ್ರೆ ಕೇಳು."

ಅಪ್ಪ ಹೆಚ್ಚು ಮಾತಿನವರಲ್ಲ. ಮನೆಗೆ ಬಂದರೆ ರೇಡಿಯೋ, ಊಟ, ನಿದ್ದೆ. ನನ್ನ ಜೊತೆಗೇ ಎಂದು ಅವರು ಕೂರುತ್ತಿದ್ದದ್ದು ಆ ಒಂದು ಲೋಟ ಹಾಲಿನ ಹೊತ್ತು ಮಾತ್ರ. ಶಾಲೆಯಲ್ಲಿ ಏನಾಯಿತು, ನಾಟಕದ ಮಾತು ಎಲ್ಲಿಗೆ ಬಂತು ಎಂದು ಆಗ ಕೇಳುತ್ತಿದ್ದರು. ಜಿಪುಣನ ಮಾತುಗಳನ್ನು ಅವರೇ ಓದಿ ನನ್ನಿಂದ ಉತ್ತರ ಹೇಳಿಸುತ್ತಿದ್ದರು. ಅವರು ಓದುವುದು ಸಂಬಳದ ನೋಟಿಸ್ ಓದಿದ ಹಾಗೆ ಒಂದೇ ರಾಗದಲ್ಲಿ. ಆದರೂ ನನಗೆ ಆ ಹೊತ್ತು ಬಹಳ ಇಷ್ಟ. ತಮಗೆ ಬೇಕಾದ ಹಾಲನ್ನು ನನಗಾಗಿ ತರುತ್ತಾರಲ್ಲ ಎಂದು ಒಂದು ತೊಟ್ಟೂ ಬಿಡದೆ ಕುಡಿಯುತ್ತಿದ್ದೆ. ಮೊಡವೆಗಳಿಗೂ ಆ ಹಾಲು ಬಹಳ ಹಿಡಿಸಿರಬೇಕು, ತಿಂಗಳಾಗುವುದರೊಳಗೆ ಕೆನ್ನೆ ದಾಟಿ ಕಿವಿಯ ಕೆಳಗಿನವರೆಗೆ ಹಬ್ಬಿದವು.

ಕೊನೆಗೆ ಅಮ್ಮನೇ ಅಜ್ಜಿಗೆ ಗೊತ್ತಾಗದಂತೆ ನನ್ನನ್ನು ಕಾರ್ಖಾನೆಯ ಡಿಸ್ಪೆನ್ಸರಿಗೆ ಕರೆದುಕೊಂಡು ಹೋದಳು. ಅಲ್ಲಿಗೆ ವಾರಕ್ಕೊಮ್ಮೆ ಒಬ್ಬರು ಲೇಡಿ ಡಾಕ್ಟರ್ ಬರುತ್ತಿದ್ದರು. ಬಿಳಿ ಕೂದಲು, ಕೈಗೆ ದೊಡ್ಡ ಗಡಿಯಾರ, ಕಣ್ಣಲ್ಲಿ ತುಂಟತನ. ನನ್ನ ಮುಖ ಅತ್ತಿತ್ತ ತಿರುಗಿಸಿ ನೋಡಿ, ಮುಟ್ಟು ಸರಿಯಾಗಿ ಆಗುತ್ತದೆಯೇ, ಅದಕ್ಕೆ ಮುಂಚೆ ಮೊಡವೆ ಜಾಸ್ತಿಯಾಗುತ್ತದೆಯೇ ಎಂದು ಕೇಳಿದರು. ಅಮ್ಮ ನಾಚಿಕೊಂಡೇ ಅಜ್ಜಿಯ ಗದ್ದದ ಪಂಚಾಂಗವನ್ನು ವಿವರಿಸಿದಳು. ಡಾಕ್ಟರ್ ಕುರ್ಚಿಯಲ್ಲಿ ಹಿಂದಕ್ಕೊರಗಿ ನಕ್ಕರು.

"ನಿಮ್ಮತ್ತೆ ನನ್ನ ಅರ್ಧ ಕೆಲಸ ಮಾಡಿದ್ದಾರೆ ಕಣ್ರೀ. ಇದು ಉಷ್ಣ ಅಲ್ಲಮ್ಮ, ಹಾರ್ಮೋನು. ಈ ವಯಸ್ಸಲ್ಲಿ ಅದು ರಕ್ತದಲ್ಲಿ ಏರುತ್ತೆ, ಮುಖದ ಚರ್ಮದೊಳಗಿರೋ ಎಣ್ಣೆ ಗ್ರಂಥಿಗಳಿಗೆ ಕೆಲಸ ಜಾಸ್ತಿ ಮಾಡಿ ಅಂತ ಹೇಳುತ್ತೆ. ಎಣ್ಣೆ ಜಾಸ್ತಿ ಬಂದು, ಸಣ್ಣ ಸಣ್ಣ ತೂತು ಮುಚ್ಕೊಂಡು, ಒಳಗೆ ಊದಿಕೊಳ್ಳುತ್ತೆ. ಗಂಡುಹುಡುಗರಿಗೂ ಅದೇ. ಸರಿ, ಏನೇನು ತಿನ್ನಿಸ್ತಿದ್ದೀರ ಹೇಳಿ."

ಅಮ್ಮ ಬಿಟ್ಟದ್ದನ್ನೂ ಕೊಟ್ಟದ್ದನ್ನೂ, ನವೆಂಬರಿನ ನಾಟಕದ ವಿಷಯವನ್ನೂ ಪೂರ್ತಿ ಒಪ್ಪಿಸಿದಳು. ಕಡಲೆಕಾಯಿಗೆ ಡಾಕ್ಟರ್ ತಲೆಯಾಡಿಸಿದರು, ಪಾಪ ತಿನ್ನಲಿ ಬಿಡಿ ಎಂದರು. ಹಣೆಗೆ ಇಳಿಯುವ ಎಣ್ಣೆಗೆ ಮುಖ ಗಂಟಿಕ್ಕಿದರು. ಹಾಲು, ಸಕ್ಕರೆ ಎಂದಾಗ ಕೈ ಎತ್ತಿ ನಿಲ್ಲಿಸಿದರು.

"ಇದಕ್ಕೆ ಎಲ್ಲ ಡಾಕ್ಟರೂ ಒಪ್ಪಲ್ಲ, ಎಲ್ಲರಿಗೂ ಹಾಗಾಗುತ್ತೆ ಅಂತಾನೂ ನಾನು ಹೇಳಲ್ಲ. ಆದರೆ ಸಿಹಿ ಹಾಕಿದ ಹಾಲು ಜಾಸ್ತಿ ಕುಡಿಯೋ ಕೆಲವು ಮಕ್ಕಳಿಗೆ ಇದು ಹೆಚ್ಚಾಗೋದನ್ನ ನಾನು ನೋಡಿದೀನಿ. ನಾಟಕ ಮುಗಿಯೋವರೆಗೆ ಹಾಲು, ಸಕ್ಕರೆ ಎರಡೂ ನಿಲ್ಲಿಸಿ ನೋಡೋಣ. ಹಣೆಗೆ ಎಣ್ಣೆ ಬೇಡ, ನಾಟಕದಲ್ಲಿ ಮುಖಕ್ಕೆ ದಪ್ಪ ಬಣ್ಣ ಬೇಡ. ಚಿವುಟಬೇಡ. ಈ ಮುಲಾಮು ಹಚ್ಚು. ಪೂರ್ತಿ ಹೋಗಿಬಿಡುತ್ತೆ ಅಂತ ಮಾತು ಕೊಡಲ್ಲ, ವಯಸ್ಸು ಅದರ ಕೆಲಸ ಅದು ಮಾಡುತ್ತೆ."

ಹಿಂತಿರುಗುವಾಗ ಬಸ್ಸಿನಲ್ಲಿ ಅಮ್ಮನೂ ನಾನೂ ಲೆಕ್ಕ ಹಾಕಿದೆವು. ಎಣ್ಣೆಯ ವಿಷಯಕ್ಕೆ ಅಜ್ಜಿಯ ಜೊತೆ ಜಗಳವಾಡಬಹುದಿತ್ತು, ನಮಗೆ ಅಭ್ಯಾಸವಿತ್ತು. ಹಾಲಿನ ವಿಷಯ ಅಪ್ಪನಿಗೆ ಹೇಳುವವರು ಯಾರು? ನೀನೇ ಹೇಳು, ನನ್ನ ಕೈಲಾಗಲ್ಲ ಎಂದು ಅಮ್ಮ ಮನೆಯ ಬಾಗಿಲಲ್ಲೇ ಕೈತೊಳೆದುಕೊಂಡಳು. ಅವತ್ತು ಸಂಜೆ ಸೈಕಲ್ ಗಂಟೆ ಕೇಳಿತು. ಹೇಳಿಬಿಡಬೇಕೆಂದು ಎದ್ದು ಬಂದೆ. ಅಪ್ಪನ ಅಂಗಿಯ ತೋಳಿಗೆ ಹಾಲು ಚೆಲ್ಲಿ ಕಲೆಯಾಗಿತ್ತು. ರೈಲ್ವೆ ಗೇಟಿನ ಹತ್ತಿರ ಸೈಕಲ್ ಜಾರಿತಂತೆ. ಮೊಣಕೈ ತರಚಿದ್ದರೂ ಡಬ್ಬಿಯನ್ನು ಮಾತ್ರ ಎದೆಗೆ ಅವಚಿಕೊಂಡು ಉಳಿಸಿದ್ದರು. ಅದನ್ನು ನೋಡಿ ಏನು ಹೇಳುವುದು? ಕುಡಿದೆ. ಮಾರನೆಯ ದಿನವೂ ಕುಡಿದೆ. ಬಿಸಿತುಪ್ಪದ ಹಾಗೆ ಉಗುಳಲೂ ಆಗದು, ನುಂಗಲೂ ಆಗದು. ಆಯುಧಪೂಜೆ ಬಂದು ಹೋಯಿತು. ಅಜ್ಜಿಗೆ ಕಾಣದಂತೆ ಮುಲಾಮು ಹಚ್ಚುವುದು, ಸಂಜೆ ಹಾಲು ಕುಡಿಯುವುದು, ಬೆಳಿಗ್ಗೆ ಕನ್ನಡಿಯ ಮುಂದೆ ಅಳುವುದು ನಡೆದೇ ಇತ್ತು.

ಒಂದು ದಿನ ತಾಲೀಮಿಗೆ ಹೋದರೆ ಸ್ಟೋರ್ಸ್ ರಾಮಣ್ಣನ ಮಗಳು ಗೋಡೆ ಪಕ್ಕ ಬೆಂಚಿನ ಮೇಲೆ ಕೂತಿದ್ದಳು. ಕೈಯಲ್ಲಿ ನನ್ನ ಪಾತ್ರದ ಹಾಳೆಗಳು. ಸುಮ್ಮನೆ ಓದ್ಲಿ ಅಂತ ಕೊಟ್ಟಿದ್ದೀನಿ ಎಂದರು ಶ್ರೀಕಂಠಯ್ಯನವರು, ನನ್ನ ಕಡೆ ನೋಡದೆ. ನಾನು ಮನೆಗೆ ಬಂದು ಹೊಸಿಲ ಮೇಲೆ ಕೂತೆ. ಅಪ್ಪ ಬಂದರು, ಕೈ ಉಜ್ಜಿದರು, ನೊರೆ ಬರಿಸಿ ಲೋಟ ಚಾಚಿದರು. ನಾನು ಕೈ ನೀಡಲಿಲ್ಲ. ತಲೆ ತಗ್ಗಿಸಿಕೊಂಡೇ ಡಾಕ್ಟರ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಪ್ಪ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು.

"ಯಾವಾಗ ಹೋಗಿದ್ರಿ ಡಾಕ್ಟರ್ ಹತ್ರ?"

"ಆಯುಧಪೂಜೆಗೆ ಮುಂಚೆ."

"ಅಲ್ಲಿಂದ ಇಲ್ಲೀವರೆಗೂ ಗೊತ್ತಿದ್ದೂ ಕುಡಿದ್ಯಾ? ಯಾಕೆ?"

"ನೀವು ನಿಮ್ಮ ಹೊಟ್ಟೆ ಕಟ್ಟಿ ತರ್ತಿದ್ರಲ್ಲಪ್ಪ. ಬೇಡ ಅಂತ ಹೇಗೆ ಹೇಳ್ಲಿ?"

ಅಪ್ಪ ನನ್ನ ಮುಖವನ್ನೇ ನೋಡಿದರು. ಅಳುತ್ತಾರೇನೋ ಎಂದು ನಾನು ಹೆದರಿದ್ದೆ. ಅವರ ಭುಜ ಕುಲುಕತೊಡಗಿತು. ನಗುತ್ತಿದ್ದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಹೊಟ್ಟೆ ಕಟ್ಟಿ! ಅಯ್ಯೋ ಹುಚ್ಚಿ, ನಂಗೆ ಹಾಲು ಕಂಡ್ರೇ ಆಗಲ್ಲ ಕಣೇ. ಆ ವಾಸನೆಗೇ ಹೊಟ್ಟೆ ತೊಳಸತ್ತೆ. ಇಷ್ಟು ವರ್ಷ ಪಕ್ಕದ ತೊಟ್ಟಿಯವನಿಗೆ ಕೊಡ್ತಿದ್ದೆ. ಅವನು ಅದರಲ್ಲಿ ಕುಸ್ತಿ ಪೈಲ್ವಾನ್ ಆಗಿದಾನೆ. ನಿನಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ ತಂದ್ರೆ, ನೀನು ನನಗೋಸ್ಕರ ಕುಡೀತಿದ್ಯಾ?"

ಅಡುಗೆಮನೆಯಿಂದ ಅಜ್ಜಿಯ ದನಿ ಬಂತು.

"ಕಾಫಿಗೆ ಬಿಟ್ರೆ ಒಂದು ತೊಟ್ಟು ಹಾಲು ಸೇರಲ್ಲ ಅವನಿಗೆ, ಮೊಲೆ ಬಿಟ್ಟಾಗಿಂದ. ಅದಿರ್ಲಿ, ಹಾಲು ನಿಲ್ಲಿಸೋದು ಅಂದ್ರೇನು? ಹಾಲು ಕುಡಿದ ಮಕ್ಕಳೇ ಬದುಕಲ್ಲ, ಇನ್ನು ಆ ಡಾಕ್ಟರಮ್ಮನ ಮುಲಾಮಿಗೆ ಬದುಕ್ತಾವಾ?"

ಆ ಹಾಲನ್ನು ಅವತ್ತು ಅಜ್ಜಿ ಹೆಪ್ಪು ಹಾಕಿದಳು. ಮಾರನೆಯ ದಿನ ಅದನ್ನೇ ಗಟ್ಟಿ ಮೊಸರು ಮಾಡಿ, ಇದು ಹಾಲಲ್ವಲ್ಲ ಎಂದು ನನ್ನ ತಟ್ಟೆಗೇ ಬಡಿಸಲು ಬಂದಳು. ಎಣ್ಣೆಯ ಬಗ್ಗೆ ಒಂದು ವಾರ ಜಗಳ ನಡೆದು, ಹಣೆಗೆ ಬಟ್ಟೆ ಬಿಗಿದು ಹಿಂದಲೆಗೆ ಮಾತ್ರ ಹಚ್ಚುವುದೆಂದು ರಾಜಿಯಾಯಿತು. ಹಾಲು ಹೋದರೂ ಹೊಸಿಲ ಮೇಲಿನ ಹೊತ್ತು ಹೋಗಲಿಲ್ಲ. ಅಪ್ಪ ಖಾಲಿ ಕೈಯಲ್ಲಿ ಬಂದು, ಕೂತು, ಜಿಪುಣನ ಮಾತು ಓದುತ್ತಿದ್ದರು. ನಾನು ಹುರಿದ ಕಡಲೆಕಾಯಿ ಸುಲಿಯುತ್ತಾ ಉತ್ತರ ಹೇಳುತ್ತಿದ್ದೆ. ಅದಕ್ಕೆ ಮುಂಚೆ ನನಗೆ ಅಷ್ಟು ಸಂತೋಷವಾದದ್ದು ನೆನಪಿಲ್ಲ. ನಾನು ಬೇಡ ಎಂದದ್ದಕ್ಕೆ ಯಾರೂ ಸಾಯಲಿಲ್ಲ, ಯಾರ ಪ್ರೀತಿಯೂ ಕಡಿಮೆಯಾಗಲಿಲ್ಲ. ಆಮೇಲೆ ಬದುಕಿನಲ್ಲಿ ಎಷ್ಟೋ ಕಡೆ ಬೇಡ ಎನ್ನುವ ಧೈರ್ಯ ನನಗೆ ಬಂದದ್ದು ಆ ಹೊಸಿಲಿನಿಂದಲೇ.

ಹಾಲು ಬಿಟ್ಟದ್ದಕ್ಕೋ, ಎಣ್ಣೆ ಬಿಟ್ಟದ್ದಕ್ಕೋ, ಮುಲಾಮಿಗೋ ತಿಳಿಯದು, ನವೆಂಬರ್ ಹೊತ್ತಿಗೆ ಕೆನ್ನೆ ತಕ್ಕಮಟ್ಟಿಗೆ ಆರಿತು. ಕನ್ನಡಿಯಂತೂ ಆಗಲಿಲ್ಲ. ಶ್ರೀಕಂಠಯ್ಯನವರು ನನ್ನನ್ನು ಬೆಳಕಿಗೆ ನಿಲ್ಲಿಸಿ ನೋಡಿ, ಹಾಳೆಗಳನ್ನು ನನಗೇ ಕೊಟ್ಟರು. ನಾಟಕದ ಹಿಂದಿನ ದಿನ ಗದ್ದದ ಮೇಲೆ ಒಂದು ಎದ್ದಿತು. ನಾನು ಕಿರುಚಿದೆ. ಅಜ್ಜಿ ಓಡಿ ಬಂದು, ಮುಖ ಎತ್ತಿ ನೋಡಿ, ಬೆರಳು ಮಡಚಿ ಲೆಕ್ಕ ಹಾಕಿದಳು.

"ನಾಟಕಕ್ಕೆ ಅಡ್ಡಿಯಿಲ್ಲ ಬಿಡು. ಮುಗಿಸ್ಕೊಂಡೇ ಬರ್ತೀಯ."

ಬಣ್ಣ ಹಚ್ಚುವವರು ದಪ್ಪನೆಯ ಬಣ್ಣ ಮೆತ್ತಲು ಬಂದಾಗ ಡಾಕ್ಟರ್ ಬೇಡ ಎಂದಿದ್ದಾರೆ ಎಂದೆ, ಪೌಡರ್ ಸಾಕು ಎಂದೆ. ಕಾರ್ಖಾನೆಯ ಮೈದಾನದಲ್ಲಿ ಶಾಮಿಯಾನ, ಮುಂದೆ ಆಫೀಸರುಗಳು, ಹಿಂದೆ ಇಡೀ ಮೂರು ಶಿಫ್ಟಿನ ಜನ. ಫೋಕಸ್ ಲೈಟು ಮುಖಕ್ಕೆ ಬಿದ್ದಾಗ ಒಂದು ಕ್ಷಣ ನನ್ನ ಗದ್ದವೇ ನೆನಪಾಯಿತು. ಮೊದಲ ಗಂಡನ್ನು ಓಡಿಸುವ ಮಾತಿಗೆ ಹಿಂದಿನ ಸಾಲಿನವರು ಹೋ ಎಂದು ನಕ್ಕರು. ಆಮೇಲೆ ನನಗೆ ಗದ್ದ ಇದೆಯೆಂಬುದೇ ಮರೆತುಹೋಯಿತು. ನಾಟಕ ಮುಗಿದು ಪರದೆ ಬಿದ್ದ ಮೇಲೂ ಯಾರೋ ನನ್ನ ಮಾತನ್ನೇ ಕೂಗಿ ಹೇಳಿ ನಗುತ್ತಿದ್ದರು. ವೇದಿಕೆಯ ಹಿಂದೆ ಅಪ್ಪ ಓಡಿಬಂದರು, ಏನು ಹೇಳಬೇಕೋ ತಿಳಿಯದೆ ನನ್ನ ತಲೆ ಸವರಿದರು. ಅಷ್ಟರಲ್ಲಿ ಸಂಘದ ಕಾರ್ಯದರ್ಶಿಗಳು ದೊಡ್ಡ ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬಂದರು. ಕಲಾವಿದರಿಗೆ ಮಾತ್ರ ಎಂದು ವಿಶೇಷವಾಗಿ ಮಾಡಿಸಿದ ಬಾದಾಮಿ ಹಾಲು. ಬಿಸಿಬಿಸಿ, ಮೇಲೆ ದಪ್ಪ ಕೆನೆ, ಸಕ್ಕರೆಯ ಘಮ.

"ತಗೋಮ್ಮ, ನಮ್ಮ ಹೀರೋಯಿನ್ನು! ಒಂದು ಹನಿ ಬಿಡಬಾರದು. ನೀನು ಕುಡಿಯೋವರೆಗೂ ನಾನು ಇಲ್ಲಿಂದ ಕದಲಲ್ಲ."

ಅಷ್ಟು ಪ್ರೀತಿಯಿಂದ ಚಾಚಿದ ಲೋಟಕ್ಕೆ ಬೇಡ ಎನ್ನಲು ಅವತ್ತು ನನ್ನಿಂದಾಗಲಿಲ್ಲ. ಕೈಗೆ ತೆಗೆದುಕೊಂಡೆ. ಅಪ್ಪ ನನ್ನ ಕಡೆ ನೋಡಿದರು, ಲೋಟದ ಕಡೆ ನೋಡಿದರು. ನನ್ನ ಕೈಯಿಂದ ಲೋಟ ಕಿತ್ತುಕೊಂಡು, ಎಡಗೈಯಲ್ಲಿ ಮೂಗು ಬಿಗಿಹಿಡಿದು, ಕಣ್ಣು ಮುಚ್ಚಿ, ಕೆನೆಸಮೇತ ಗಟಗಟನೆ ಅಷ್ಟನ್ನೂ ಕುಡಿದುಬಿಟ್ಟರು. ಕಾರ್ಯದರ್ಶಿಗಳು ಬಾಯಿ ಬಿಟ್ಟುಕೊಂಡು ನಿಂತರು. ಅಪ್ಪ ಕಂಬ ಹಿಡಿದುಕೊಂಡು, ಬಿಳಿಯಾದ ಮೀಸೆಯನ್ನು ಒರೆಸಿಕೊಳ್ಳುತ್ತಾ ಹೇಳಿದರು.

"ನಮ್ಮ ಹುಡುಗಿಗೆ ಹಾಲು ಆಗಲ್ಲ ಸಾರ್. ನಂಗೆ ಹಾಲಂದ್ರೆ ಪ್ರಾಣ."